ಖುದ್ದಾಗಿ ಬಂದು ಕಾಣಬಹುದು

ಹನ್ನೊಂದು ಜನ ಇದ್ದರು. ಊಟ ಮುಗಿಸಿ, ಕೈ ತೊಳೆದು, ಒದ್ದೆ ಕೈಯನ್ನು ಪ್ಯಾಂಟಿನ ಹಿಂಬದಿಗೆ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದವನಿಗೆ ಮೊದಲು ಕಂಡದ್ದು ಕಾಲುಗಳು: ಚಪ್ಪಲಿಯ ಕಾಲು, ಶೂಸಿನ ಕಾಲು, ಬ್ಯಾಂಡೇಜು ಸುತ್ತಿದ ಒಂದು ಕಾಲು. ನಾಲ್ಕು ಜನರ ಬೆಂಚಿನ ಮೇಲೆ ಆರು ಜನ ಒತ್ತಿಕೊಂಡಿದ್ದರು. ಉಳಿದವರು ಗೋಡೆಗೆ ಒರಗಿ ನಿಂತು ಆಸ್ಪತ್ರೆಯ ಸುಣ್ಣವನ್ನು ಬೆನ್ನಿಗೆ ಬಳಿದುಕೊಳ್ಳುತ್ತಿದ್ದರು. ಎಲ್ಲರ ಕೈಯಲ್ಲೂ ಮೂರು ಮಡಿಕೆಯ, ಒಂದೇ ಅಳತೆಯ ಕಾಗದ. "ಎಕ್ಸ್‌ರೇ ಕೆಳಗಡೆ" ಎಂದ, ಅಭ್ಯಾಸಬಲದಿಂದ. ಯಾರೂ ಅಲುಗಲಿಲ್ಲ. ಸ್ವೆಟರ್ ತೊಟ್ಟ ಮುದುಕರೊಬ್ಬರು ಎದ್ದರು. "ನೀವೇ ಅಲ್ವಾ ಸಾರ್ ಕರ್ದಿದ್ದು?" ಎಂದು ಕಾಗದ ಬಿಚ್ಚಿ, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಓದಿದರು: "‘ಈ ವಿಷಯವಾಗಿ ತಾವು ಖುದ್ದಾಗಿ ಬಂದು ನನ್ನನ್ನು ಕಾಣಬಹುದು. ಎರಡನೇ ಮಹಡಿ, ಹದಿನಾಲ್ಕನೇ ಕೋಣೆ, ಬುಧವಾರ ಮೂರು ಗಂಟೆಯ ಮೇಲೆ.’ ಇವತ್ತು ಬುಧವಾರ." "ನನಗೂ ಅದೇ ಬಂದಿದೆ" ಎಂದಳು ಮಗುವನ್ನು ಸೊಂಟಕ್ಕೇರಿಸಿಕೊಂಡ ಒಬ್ಬಳು. "ನನಗೂ." "ನನಗೂ." ತನ್ನ ಒಳಅಂಗಿಯನ್ನು ಯಾರೋ ಒಗೆದು ಓಣಿಯುದ್ದಕ್ಕೂ ಒಣಹಾಕಿದ ಹಾಗಾಯಿತು ಅವನಿಗೆ. "ಮೂರಕ್ಕೆ ಇನ್ನೂ ಹತ್ತು ನಿಮಿಷ ಇದೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಕಿಕೊಂಡ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, "ಬಡ್ಡೀಮಗನೇ" ಎಂದ. ಯಾರಿಗೆಂದು ಸ್ಪಷ್ಟವಿರಲಿಲ್ಲ. ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಹೊಳೆಯುತ್ತಿತ್ತು. ಅದಕ್ಕೇ ಎಂದುಕೊಂಡ.

ಆ ಸಾಲು ಅವನದು. ಹತ್ತೊಂಬತ್ತು ವರ್ಷದಿಂದ ಅವನು ಈ ಆಸ್ಪತ್ರೆಯ ದೂರು ವಿಭಾಗದಲ್ಲಿ ಉತ್ತರ ಬರೆಯುತ್ತಿದ್ದ. ಉತ್ತರ ಬರೆಯುವವನಿಗೆ ಕಿಟಕಿ ಮಾತ್ರ ದಕ್ಷಿಣಕ್ಕೆ ಕೊಟ್ಟಿದ್ದಾರೆ ಎಂದು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದ. ಪತ್ರವೆಲ್ಲ ‘ವಿಷಾದಿಸುತ್ತೇವೆ’ ಎಂದೇ ಶುರುವಾಗುತ್ತಿದ್ದುದರಿಂದ ಆಸ್ಪತ್ರೆಯಲ್ಲಿ ಅವನ ಹೆಸರು ವಿಷಾದರಾಯ. ವಿಷವನ್ನು ಸಾದಾ ಕಾಗದದಲ್ಲಿ ಕಟ್ಟಿಕೊಟ್ಟರೆ ವಿಷಾದ, ಎಂದು ಅವನೇ ವ್ಯಾಖ್ಯಾನವನ್ನೂ ಕೊಟ್ಟಿದ್ದ. ಆ ಕಸುಬಿಗೆ ಅದರದೇ ವ್ಯಾಕರಣವಿತ್ತು. ‘ಪರಿಶೀಲಿಸಲಾಗುವುದು’ ಅಂದರೆ ಏನೂ ಆಗುವುದಿಲ್ಲ. ‘ಗಮನಕ್ಕೆ ತರಲಾಗುವುದು’ ಅಂದರೆ ಅಷ್ಟೂ ಆಗುವುದಿಲ್ಲ. ‘ಕ್ರಮ ಕೈಗೊಳ್ಳಲಾಗುವುದು’ ಮಾತ್ರ ಕಚ್ಚುವ ಸಾಲು. ಅದನ್ನು ಬರೆದ ಪತ್ರಕ್ಕೆ ಒಪ್ಪಿಗೆ ಬಿದ್ದ ಕೂಡಲೇ ಆಯಾ ವಿಭಾಗದ ಮುಖ್ಯಸ್ಥರಿಗೆ ಒಂದು ಹಳದಿ ಚೀಟಿ ಹೋಗುತ್ತಿತ್ತು, ಅಲ್ಲಿಂದ ಯಾರದೋ ಕುತ್ತಿಗೆಗೆ. ವರ್ಷಕ್ಕೆ ಮೂರು ಸಲ ಬರೆದಿದ್ದರೆ ಹೆಚ್ಚು. ಇನ್ನು ‘ಖುದ್ದಾಗಿ ಬಂದು ಕಾಣಬಹುದು’ ಅವನ ಗುಟ್ಟು. ತಪ್ಪು ನಮ್ಮದೇ, ಕಾಗದದ ಮೇಲೆ ಹೇಳಲಾರೆ, ಬಾ, ಬಾಯಲ್ಲಿ ಹೇಳುತ್ತೇನೆ, ಎಂದು ಅದರ ಅರ್ಥ. ತಿಂಗಳಿಗೆ ಒಬ್ಬರಿಗೋ ಇಬ್ಬರಿಗೋ. ಬಂದವರನ್ನು ಕೂರಿಸಿ, ಬಾಗಿಲು ಮುಚ್ಚಿ, ಯಾವ ದಿನದ ಡ್ಯೂಟಿ ಪಟ್ಟಿ ಕೇಳಬೇಕು, ಯಾವ ರಿಜಿಸ್ಟರಿನ ನಕಲು ಕೇಳಬೇಕು, ಅದನ್ನು ಹಿಡಿದು ಯಾರ ಹತ್ತಿರ ಹೋಗಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿ ಕಳಿಸುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಸಾವಿರಾರು ವಿಷಾದಗಳ ನಡುವೆ ತನಗೆಂದು ಉಳಿಸಿಕೊಂಡಿದ್ದ ಒಂದು ಅಂಗುಲ ಮರ್ಯಾದೆ ಅದು. ಈಗ ಅದನ್ನು ಹನ್ನೊಂದು ಜನ ಕೈಯಲ್ಲಿ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದಾರೆ.

ಆರು ವಾರದ ಹಿಂದೆ ಬಂದಿತ್ತು ಆ ಪತ್ರ ಬರೆಯುವ ಯಂತ್ರ. ಬಂತು ಎಂದರೆ ಪೆಟ್ಟಿಗೆಯಲ್ಲಿ ಬರಲಿಲ್ಲ, ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಇತ್ತು. ಮ್ಯಾನೇಜರಮ್ಮ ಎಲ್ಲರನ್ನೂ ಸೇರಿಸಿ ಪರಿಚಯ ಮಾಡಿಕೊಟ್ಟಿದ್ದರು. ಆಕೆಗೆ ಪ್ರತಿ ವಾಕ್ಯದ ಕೊನೆಗೂ ಒಂದು ಬೀಗ ಹಾಕುವ ಚಾಳಿ. "ಇದು ಯಾರ ಕೆಲಸಾನೂ ಕಸಿಯಲ್ಲ, ಓಕೆನಾ? ಭಾರ ಇಳಿಸುತ್ತೆ, ಓಕೆನಾ? ಬಂದ ಕಾಗದ ಅದೇ ಓದಿ ಕರಡು ಬರೆಯುತ್ತೆ, ನೀವು ಎರಡನ್ನೂ ಓದಿ ಒಪ್ಪಿಗೆ ಕೊಡೋದು, ಓಕೆನಾ?" ಆಫೀಸು ಅದಕ್ಕೆ ‘ಸಹಾಯಕ’ ಎಂದು ಹೆಸರಿಟ್ಟಿತ್ತು. ಅವನು ಅಳಿಯ ಎಂದ. ಬಂದ ದಿನದಿಂದ ಎಲ್ಲರೂ ಅದರ ಸುತ್ತ ಓಡಾಡಿ, ಅದಕ್ಕೆ ಏನು ಇಷ್ಟ ಏನು ಆಗಿಬರೋದಿಲ್ಲ ಎಂದು ವಿಚಾರಿಸಿ, ಅದು ಬಾಯಿ ಬಿಟ್ಟರೆ ಆಹಾ ಎನ್ನುತ್ತಿದ್ದರಲ್ಲ, ಅದಕ್ಕೆ. ಟೀ ಹೊತ್ತಿನಲ್ಲಿ ಮ್ಯಾನೇಜರಮ್ಮನ ಅಣಕ ಮಾಡಿ ತೋರಿಸಿದ: "ಅಳಿಯಂದ್ರಿಗೆ ಕರೆಂಟು ಹೋಗಬಾರದು, ಓಕೆನಾ?" ಎಲ್ಲರೂ ನಕ್ಕರು. ಅಣಕ ಅವನ ಕೈಗುಣ, ಬಾಯಿಗುಣ. ದೊಡ್ಡ ಡಾಕ್ಟರು ಕೆಮ್ಮಿ ಮಾತು ಶುರು ಮಾಡುವುದು, ಕ್ಯಾಂಟೀನಿನವನು ‘ಇಲ್ಲ’ ಎನ್ನುವುದನ್ನು ‘ಈಗ ತಾನೇ ಮುಗೀತು’ ಎನ್ನುವುದು, ಯಾವುದನ್ನೂ ಬಿಟ್ಟಿರಲಿಲ್ಲ. ಆಮೇಲೆ ತನ್ನ ಕುರ್ಚಿಗೆ ಬಂದು ಅಳಿಯ ಬರೆದ ಮೊದಲ ಕರಡು ಓದಿದ. ಓದುತ್ತ ಓದುತ್ತ ಕಿವಿ ಬಿಸಿಯಾಯಿತು. ಎರಡನೇ ಪ್ಯಾರಾದ ಮೊದಲಿಗೆ ‘ಆದಾಗ್ಯೂ’. ಕಹಿ ಹೇಳುವ ಮುಂಚೆ ಒಂದು ಸಣ್ಣ ವಾಕ್ಯ, ಹೇಳಿದ ಮೇಲೆ ಒಂದು ಉದ್ದನೆಯದು. ಅವನ ಹತ್ತೊಂಬತ್ತು ವರ್ಷದ ಪತ್ರಗಳನ್ನೆಲ್ಲ ಸ್ಕ್ಯಾನು ಮಾಡಿ ಅದಕ್ಕೆ ತಿನ್ನಿಸಿದ್ದರು. ಕೇಳಿಯೂ ಇರಲಿಲ್ಲ.

ಹಿಂದೆ ಒಬ್ಬ ಹೆಡ್ ಕ್ಲಾರ್ಕ್ ಇದ್ದರು. ಮಾತಿನಲ್ಲಿ ತೊದಲು, ‘ಪ’ ಬಂದರೆ ಸಾಕು, ಬಸ್ಸು ದಿಬ್ಬ ಹತ್ತಿದ ಹಾಗೆ. ಅವನಿಗಾಗ ಮೂವತ್ತು ದಾಟಿರಲಿಲ್ಲ. ಒಂದು ದಿನ ಇದೇ ಕೋಣೆಯಲ್ಲಿ, ನಾಲ್ಕು ಜನರೆದುರು, "ಪ-ಪ-ಪತ್ರ ಪ-ಪ-ಪರಿಶೀಲಿಸಿ" ಎಂದು ಕಣ್ಣು ಮೇಲಕ್ಕೆತ್ತಿ ಮಾಡುತ್ತಿದ್ದಾಗ ನಗು ಒಮ್ಮೆಲೇ ನಿಂತಿತು. ತಿರುಗಿದರೆ ಬಾಗಿಲಲ್ಲಿ ಅವರು. ಮಾರನೆಯ ದಿನದಿಂದ ನಿವೃತ್ತಿಯ ತನಕ ಅವನಿಗೆ ಹೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಎದುರಿಗೇ ಕೂತು. ಆ ಚೀಟಿಗಳ ದುಂಡು ಅಕ್ಷರ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಳಿಯನ ಕರಡು ಓದುವಾಗ ಅವನಿಗೆ ಗೊತ್ತಾಯಿತು, ಬಾಗಿಲಲ್ಲಿ ನಿಂತವರಿಗೆ ಏನು ಕೇಳಿಸಿರುತ್ತದೆ ಎಂದು. ಗೊತ್ತಾದದ್ದು ಪಶ್ಚಾತ್ತಾಪವಾಗಲಿಲ್ಲ, ಸಿಟ್ಟಾಯಿತು. ಇದರ ಎಂಜಲು ನಾನು ಓದೋದಿಲ್ಲ ಎಂದು ಆ ಸಂಜೆಯೇ ಶಪಥ ಮಾಡಿದ. ಬರೀಲಿ. ಎಡವಲಿ. ಎಲ್ಲರೆದುರು ಬೋರಲು ಬೀಳಲಿ. ದಿನವೂ ಐದಕ್ಕೆ ಹತ್ತು ನಿಮಿಷವಿರುವಾಗ ಪರದೆಯಲ್ಲಿ ಸಾಲಾಗಿ ನಿಂತ ನಲವತ್ತು ಐವತ್ತು ಕರಡುಗಳನ್ನು ತಲೆಯಿಂದ ಕಾಲಿನವರೆಗೆ ಗುರುತು ಹಾಕಿ, ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಗುಂಡಿ ಒತ್ತುತ್ತಿದ್ದ, ಸೊಳ್ಳೆ ಹೊಸಕುವ ಹಾಗೆ. ಜನ ಕಳಿಸಿದ ಕಾಗದಗಳನ್ನೂ ಓದುವುದನ್ನು ಬಿಟ್ಟ. ಅಳಿಯ ಓದಿದ್ದಾನಲ್ಲ.

ಮನೆಯಲ್ಲಿ ಹೆಂಡತಿಗೂ ಒಂದು ಅಳಿಯ ಇತ್ತು. ಅವಳು ಮೇಷ್ಟ್ರು. ಊಟದ ಮೇಜಿನ ಮೇಲೆ ಅದರ ಹತ್ತಿರ ಪ್ರಶ್ನೆಪತ್ರಿಕೆ ಬರೆಸಿ, ಅಚ್ಚು ತೆಗೆದು, ಕೆಂಪು ಪೆನ್ನು ಹಿಡಿದು ಕೂರುತ್ತಿದ್ದಳು. "ಹತ್ತರಲ್ಲಿ ಎರಡು ತಪ್ಪು ಕೊಡುತ್ತೆ ರೀ" ಎಂದು ಒಂದನ್ನು ಅಡ್ಡ ಹೊಡೆದಳು. "ನಮ್ಮ ಹೆಡ್‌ಮಾಸ್ಟರು ಹತ್ತಕ್ಕೆ ಐದು ಕೊಡ್ತಾರೆ. ಲೆಕ್ಕ ಹಾಕಿದ್ರೆ ಇದೇ ವಾಸಿ." ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ, "ಅದನ್ನೇ ಹೆಡ್‌ಮಾಸ್ಟರ್ ಮಾಡಿಬಿಡು" ಎಂದ. "ಯಾಕೆ ಅದರ ಮೇಲೆ ಇಷ್ಟು ಉರಿ ನಿಮಗೆ? ಅದೇನು ನಿಮ್ಮ ದಾಯಾದಿನಾ? ಬರೆದದ್ದನ್ನ ಓದ್ತೀರಿ ತಾನೇ?" "ಓದ್ದೇ ಏನು." "ಮತ್ತೇನು ಹಾಗಾದ್ರೆ. ಓದಿ, ತಿದ್ದಿ, ಮುಗಿಸಿ ಬೇಗ ಮನೆಗೆ ಬನ್ನಿ." ಸುಳ್ಳು ಹೇಳಿದ್ದಕ್ಕಿಂತ, ಅವಳು ಅದನ್ನು ಅಷ್ಟು ಸುಲಭವಾಗಿ ನಂಬಿದ್ದು ಅವನನ್ನು ಚುಚ್ಚಿತ್ತು. ಓದದೆ ಸಹಿ ಹಾಕುವವನು ಎಂಬ ಕಲ್ಪನೆಯೇ ಅವಳಿಗೆ ಬಂದಿರಲಿಲ್ಲ.

ಇವತ್ತು ಹದಿನಾಲ್ಕನೇ ಕೋಣೆಯ ಬಾಗಿಲು ಯಾರೂ ತಟ್ಟದೆಯೇ ತೆರೆಯಿತು. ಕುತ್ತಿಗೆಗೆ ಅಳತೆ ಟೇಪು ಹಾಗೇ ಜೋತುಬಿದ್ದಿದ್ದ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಹಿಂದಿನಿಂದ ಸ್ವೆಟರಿನ ಮುದುಕರ ದನಿ, "ಅಮ್ಮಾ, ಸರದಿ ಇದೆ, ನಾನು ಮೊದಲು." "ಅಜ್ಜಾ, ಕೂತ್ಕೊಳ್ಳಿ, ನನ್ನದು ಕಾಯೋದಿಲ್ಲ" ಎಂದು ಅವಳು ಬಾಗಿಲನ್ನು ಹಿಮ್ಮಡಿಯಿಂದ ಮುಚ್ಚಿದಳು. ಕಾಗದವನ್ನು ಅವನ ಮೇಜಿನ ಮೇಲೆ, ಬಟ್ಟೆ ಕತ್ತರಿಸುವ ಮುಂಚೆ ಹಾಸುವ ಹಾಗೆ, ಎರಡೂ ಅಂಗೈಯಿಂದ ಸವರಿ ಹಾಸಿದಳು.

"ಇದು ನೀವು ಬರ್ದಿದ್ದಾ?"

ಕೆಳಗೆ ಅವನ ಸಹಿ ಇತ್ತು, ಯಂತ್ರದಲ್ಲಿ ಅಚ್ಚಾದ ಅವನ ಸಹಿ. "ನಮ್ಮ ವಿಭಾಗದಿಂದ ಬಂದದ್ದು" ಎಂದ.

"ವಿಭಾಗಕ್ಕೆ ಕೈ ಇರಲ್ಲ. ನೀವಾ?"

"ಏನಾಗಬೇಕಿತ್ತು ಹೇಳಿ, ಕೂತ್ಕೊಳ್ಳಿ. ನಿಮಗಾದ ತೊಂದರೆ ನಮಗೆ..."

"ನನಗೆ ತೊಂದರೆ ಆಗಿಲ್ಲ!" ಎಂದು ಅವಳು ಕೂಗಿದಳು. ಹೊರಗಿನ ಗುಜುಗುಜು ನಿಂತಿತು. "ನನಗೆ ತೊಂದರೆ ಆಯ್ತು ಅಂತ ಯಾವನು ಹೇಳಿದ್ದು? ನನ್ನ ಕಾಗದ ಓದಿದೀರಾ ನೀವು?"

"ಓದಿದೆ."

"ಏನಿತ್ತು ಅದರಲ್ಲಿ?"

ಅವನು ಮೇಜಿನ ಮೇಲಿನ ಉತ್ತರದ ಕಡೆ ಕಣ್ಣು ಹಾಯಿಸಿದ. ತಲೆಕೆಳಗಾಗಿ ಓದುವುದು ಹಳೆಯ ಅಭ್ಯಾಸ. ‘ಐದನೇ ವಾರ್ಡಿನ ಶುಶ್ರೂಷಕಿಯು ನಿಯಮಗಳನ್ನು ಉಲ್ಲಂಘಿಸಿರುವ ಬಗ್ಗೆ...’ "ನರ್ಸ್ ಒಬ್ಬರು ನಿಯಮ ಮೀರಿ ನಡಕೊಂಡಿದ್ದು" ಎಂದ, ದೊಡ್ಡ ಡಾಕ್ಟರ ಹಾಗೆ ಸಣ್ಣಗೆ ಕೆಮ್ಮಿ.

ಹೆಂಗಸು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ, ಅಳತೆ ತೆಗೆದುಕೊಳ್ಳುವವಳ ಹಾಗೆ, ಹೆಗಲಿನಿಂದ ಹೆಗಲಿಗೆ. "ನೀವು ಓದಿಲ್ಲ" ಎಂದಳು. "ನಾನು ಆ ಸಿಸ್ಟರ್‌ಗೆ ಥ್ಯಾಂಕ್ಸ್ ಬರ್ದಿದ್ದೆ. ಅಪ್ಪ ಹೋದ ಮೇಲೆ, ಹನ್ನೊಂದು ದಿನ ಹೊಲಿಗೆ ಮಿಷನ್ ಮುಟ್ಟದೆ, ಕೂತು ಎರಡು ಪುಟ ಬರ್ದೆ. ಎಲ್ಲಿ ಹಾಕಬೇಕು ಅಂತ ಕೇಳಿದ್ರೆ ಕೆಳಗಿನವರು ಆ ಡಬ್ಬ ತೋರ್ಸಿದ್ರು. ಇರೋದೇ ಅದೊಂದು ಡಬ್ಬ. ನಿನ್ನೆ ಅವರಿಗೆ ಒಂದು ರವಿಕೆ ಹೊಲ್ಕೊಂಡು ವಾರ್ಡಿಗೆ ಬಂದೆ. ಅವರಿಲ್ಲ. ಸೋಮವಾರದಿಂದ ಡ್ಯೂಟಿಯಿಂದ ಇಳಿಸಿದಾರೆ. ಯಾಕೆ ಅಂದ್ರೆ, ‘ನಿಮ್ಮದೇ ಕಂಪ್ಲೇಂಟು’ ಅಂತ ಇನ್ನೊಬ್ಬ ನರ್ಸಮ್ಮ ನನ್ನ ಮುಖಕ್ಕೆ ಉಗಿದ ಹಾಗೆ ಹೇಳಿದ್ರು. ಇವತ್ತು ನಾಲ್ಕು ಗಂಟೆಗೆ ದೊಡ್ಡ ಸಿಸ್ಟರ್ ರೂಮಲ್ಲಿ ವಿಚಾರಣೆ ಅಂತೆ. ಉತ್ತರ ಸರಿಯಿಲ್ಲದಿದ್ರೆ ಕೆಲಸ ಹೋಗುತ್ತಂತೆ. ನೀವು ‘ಬಂದು ಕಾಣಬಹುದು’ ಅಂತ ಬರ್ದಿದೀರಿ. ಬಂದಿದೀನಿ. ಕಾಣಿ."

ಅವಳ ಕಾಗದವನ್ನು ಹುಡುಕಿ ತೆಗೆಯಲು ಎರಡು ನಿಮಿಷ ಬೇಕಾಯಿತು. ಮೂಲಪ್ರತಿಗಳ ಪೆಟ್ಟಿಗೆಯಲ್ಲಿ ಇತ್ತು, ಪಿನ್ನು ಚುಚ್ಚಿದ ಎರಡು ಹಾಳೆ, ಗೆರೆ ಹಾಕಿದ ನೋಟುಬುಕ್ಕಿನಿಂದ ಹರಿದದ್ದು. ಆರು ವಾರದಲ್ಲಿ ಅವನು ಓದಿದ ಮೊದಲ ಕಾಗದ ಅದು, ಬರೆದವಳು ಎದುರಿಗೇ ನಿಂತು ಓದಿಸಿದ್ದು. ಅಪ್ಪನಿಗೆ ಬಾಯಿಗೆ ಏನೂ ಕೊಡಬಾರದೆಂದು ಡಾಕ್ಟರು ಬರೆದಿಟ್ಟಿದ್ದರು. ಅಪ್ಪ ಎರಡು ದಿನದಿಂದ ಟೀ, ಟೀ ಎನ್ನುತ್ತಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಆ ಸಿಸ್ಟರ್ ಬಂದು, ನಿಯಮ ಮೀರಿ, ಹತ್ತಿಯನ್ನು ತಮ್ಮ ಲೋಟದ ಟೀಯಲ್ಲಿ ಅದ್ದಿ ಅಪ್ಪನ ತುಟಿಗೆ ಒತ್ತಿದರು. ಮಗಳು ಹೊರಗೆ ಹೋಗಬೇಕಾದ ಹೊತ್ತಿನಲ್ಲಿ, ಅದೂ ನಿಯಮ ಮೀರಿ, ಪರದೆ ಎಳೆದು ಅವಳನ್ನು ಒಳಗೇ ಕೂರಿಸಿದರು. ಅಪ್ಪ ತುಟಿ ಚಪ್ಪರಿಸಿ, ‘ಸಕ್ಕರೆ ಕಮ್ಮಿ’ ಅಂದರು. ಅದೇ ಅವರ ಕೊನೆಯ ಪೂರ್ತಿ ಮಾತು. ‘ನಮ್ಮಪ್ಪ ದೂರುತ್ತಲೇ ಹೋದರು, ಅದಕ್ಕೆ ನನಗೆ ಸಮಾಧಾನ’ ಎಂದು ಬರೆದಿದ್ದಳು. ‘ಆ ಸಿಸ್ಟರಿಗೆ ನಮ್ಮ ಮನೆಯವರೆಲ್ಲರ ಕೈಮುಗಿತ.’ ಅಷ್ಟೆಲ್ಲ ಓದಿದ ಅಳಿಯ ಬರೆದ ಉತ್ತರ: ನಿಯಮ ಉಲ್ಲಂಘನೆ ಎರಡು, ತಮಗಾದ ನೋವಿಗೆ ವಿಷಾದ, ಸಂಬಂಧಪಟ್ಟ ಶುಶ್ರೂಷಕಿಯ ಮೇಲೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಆಮೇಲೆ, ಖುದ್ದಾಗಿ ಬಂದು.

"ಇದನ್ನ ಬರ್ದ ದನಕ್ಕೆ ಎರಡು ಕಣ್ಣಿಲ್ವಾ?" ಎಂದಳು ಹೆಂಗಸು. ಅದು ಯಂತ್ರಕ್ಕೋ ತನಗೋ ಅವನಿಗೆ ತಿಳಿಯಲಿಲ್ಲ. ಆದರೆ ಯಂತ್ರಕ್ಕೆ ಯಾಕೆ ತಿಳಿಯಲಿಲ್ಲ ಎಂಬುದು ಥಟ್ಟನೆ ತಿಳಿಯಿತು. ದೂರಿನ ಡಬ್ಬದಲ್ಲಿ ಮೆಚ್ಚುಗೆಯ ಕಾಗದವೂ ಬೀಳುತ್ತಿತ್ತು, ವರ್ಷಕ್ಕೆ ಹತ್ತೋ ಹನ್ನೆರಡೋ. ಅವಕ್ಕೆ ಅವನು ಉತ್ತರ ಬರೆಯುತ್ತಿರಲಿಲ್ಲ, ನೋಂದಾಯಿಸುತ್ತಲೂ ಇರಲಿಲ್ಲ. ಬೆರಳ ತುದಿಯಲ್ಲಿ ಹಿಡಿದು ತಾನೇ ನಡೆದುಕೊಂಡು ಹೋಗಿ ಆಯಾ ವಾರ್ಡಿನ ಬೋರ್ಡಿಗೆ ಪಿನ್ನು ಚುಚ್ಚಿ ಬರುತ್ತಿದ್ದ. ಅದೊಂದು ಸಣ್ಣ ಹಬ್ಬದ ನಡಿಗೆ. ಹಾಗಾಗಿ ಅಳಿಯನಿಗೆ ತಿನ್ನಿಸಿದ ಹತ್ತೊಂಬತ್ತು ವರ್ಷದ ಕಡತದಲ್ಲಿ ಒಂದೇ ಒಂದು ಮೆಚ್ಚುಗೆಯೂ ಇರಲಿಲ್ಲ. ಜನ ಆಸ್ಪತ್ರೆಗೆ ಬರೆಯುವುದೆಂದರೆ ಬೈಯಲಿಕ್ಕೆ, ಎಂದು ಅದು ಅವನಿಂದಲೇ ಕಲಿತಿತ್ತು.

ಮ್ಯಾನೇಜರಮ್ಮನ ಕೋಣೆಯಲ್ಲಿ ತಂಪಿತ್ತು. ಮೂರು ಇಪ್ಪತ್ತು. ಹೆಂಗಸನ್ನು ಹೊರಗೆ ಕೂರಿಸಿ ಅವನು ಒಬ್ಬನೇ ಹೋದ. ಹೋಗುವಾಗ ಬಾಯಲ್ಲಿ ಆರು ವಾರದ ಬೈಗುಳ ಸಿದ್ಧವಾಗಿತ್ತು. "ನೋಡಿ ಮೇಡಂ ನಿಮ್ಮ ಸಹಾಯಕ ಮಾಡಿದ ಘನಂದಾರಿ ಕೆಲಸ! ಥ್ಯಾಂಕ್ಸ್ ಅಂದ್ರೆ ದೂರು ಅಂತ ಓದುತ್ತೆ. ನನ್ನ ಸಾಲು ಎತ್ತಿ ಊರಿಗೆಲ್ಲ ಹಂಚುತ್ತೆ. ಹೊರಗೆ ಜಾತ್ರೆ ಆಗಿದೆ!" ಆಕೆ ಎರಡೂ ಕಾಗದ ಓದಿದರು, ನಿಧಾನವಾಗಿ, ಹಾಳೆ ತಿರುಗಿಸಿ. ಓದಿ ಮುಗಿಸಿದಾಗ ಮುಖದಲ್ಲಿ ಬೀಗ ಇರಲಿಲ್ಲ. "ಆ ಕೊನೆಯ ಸಾಲು ನನ್ನಿಂದ ಆಗಿರಬೇಕು" ಎಂದರು. "ಕಳೆದ ಗುರುವಾರ ಧಾಟಿ ಆರಿಸೋ ಕಡೆ ‘ಆತ್ಮೀಯ’ ಅಂತ ಒತ್ತಿದೆ. ನಿಮ್ಮ ಪತ್ರಗಳಲ್ಲೆಲ್ಲ ಅದಕ್ಕೆ ಸಿಕ್ಕ ಆತ್ಮೀಯ ಸಾಲು ಅದೊಂದೇ ಇರಬೇಕು. ಅದನ್ನ ತೆಗೆಸ್ತೀನಿ." ಕಾಗದ ಮಡಿಸುತ್ತ, "ಆದ್ರೆ ಇದಕ್ಕೆ ನೀವು ಒಪ್ಪಿಗೆ ಕೊಟ್ಟಿದ್ದೀರಲ್ಲ" ಎಂದರು.

"ಐವತ್ತು ಬರುತ್ತೆ ದಿನಕ್ಕೆ."

"ಐವತ್ತು ಬರೀಬೇಕಿರಲಿಲ್ಲ ನೀವು. ಓದಬೇಕಿತ್ತು, ಅಷ್ಟೇ." ಆಮೇಲೆ ಆಕೆ ದನಿ ಇಳಿಸಿದರು, ಅವನೇ ಬುಧವಾರಗಳಲ್ಲಿ ಇಳಿಸುತ್ತಿದ್ದ ಹಾಗೆ. "ನೋಡಿ. ಎರಡು ದಾರಿ ಇದೆ. ಯಂತ್ರದ ಎಡವಟ್ಟು ಅಂತ ನಾನು ವರದಿ ಮಾಡ್ತೀನಿ. ಸಮಿತಿ ಕೂರುತ್ತೆ, ತಾಂತ್ರಿಕದವರು ಬರ್ತಾರೆ. ನಿಮ್ಮ ಹೆಸರು ಎಲ್ಲೂ ಬರಲ್ಲ. ಆದ್ರೆ ಅದು ಮುಗಿಯೋ ತನಕ ಆ ನರ್ಸ್ ಮನೇಲೇ. ಎರಡು ತಿಂಗಳು, ಮೂರು ತಿಂಗಳು. ಇನ್ನೊಂದು, ಒಪ್ಪಿಗೆ ಕೊಟ್ಟವರೇ ವಾಪಸ್ ತಗೊಳ್ಳೋದು. ಫಾರಂ ಇದೆ. ಅದು ಹೋದ್ರೆ ಹಳದಿ ಚೀಟಿ ಈಗಲೇ ರದ್ದು. ಕಾರಣ ಬರೀಬೇಕು. ಆ ಕಾಲಂ ಖಾಲಿ ಬಿಡೋ ಹಾಗಿಲ್ಲ. ಅದು ನಿಮ್ಮ ಸರ್ವೀಸ್ ಪುಸ್ತಕಕ್ಕೆ ಹೋಗುತ್ತೆ." ಓಕೆನಾ ಎನ್ನಲಿಲ್ಲ ಆಕೆ. ಅಂದಿದ್ದರೆ ಚೆನ್ನಾಗಿತ್ತು, ದ್ವೇಷಿಸಲಿಕ್ಕೆ ಏನಾದರೂ ಸಿಗುತ್ತಿತ್ತು.

ಆರು ವಾರ ಅವನು ಕಾದದ್ದು ಇದಕ್ಕೇ. ಅದು ಬೋರಲು ಬೀಳಲಿ, ಸಮಿತಿ ಕೂರಲಿ, ತಜ್ಞರು ತಲೆ ಕೆರೆದುಕೊಳ್ಳಲಿ. ಈಗ ತಟ್ಟೆಯಲ್ಲಿಟ್ಟು ಕೊಟ್ಟಿದ್ದಾರೆ. ಫಾರಂ ಹಿಡಿದು ಕಾರಿಡಾರಿನ ಕಿಟಕಿಕಟ್ಟೆಯ ಮೇಲಿಟ್ಟುಕೊಂಡು ನಿಂತ. ಕಾರಣ, ಎಂದಿತ್ತು, ಎದುರಿಗೆ ಮೂರು ಗೆರೆ. ಹತ್ತೊಂಬತ್ತು ವರ್ಷ ಬೇರೆಯವರ ತಪ್ಪಿಗೆ ಮಾತು ಹೊಸೆದ ಕೈ ತಾನಾಗಿ ಓಡಿತು: ‘ಕಾರ್ಯಬಾಹುಳ್ಯದಿಂದಾಗಿ, ಆದಾಗ್ಯೂ...’ ಬರೆದ ಮೇಲೆ ನೋಡಿದ. ಇದನ್ನು ಅಳಿಯ ಕೂಡ ಹೀಗೇ ಬರೆಯುತ್ತಿದ್ದ. ಅಕ್ಷರಶಃ ಹೀಗೇ. ಯಾರು ಯಾರ ಅಣಕ ಮಾಡುತ್ತಿದ್ದಾರೆ ಎಂದು ಅವನಿಗೆ ಹೇಳಲಾಗಲಿಲ್ಲ. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಅದನ್ನು ಹೊಡೆದುಹಾಕಿದ. ಅಳತೆ ಟೇಪಿನ ಹೆಂಗಸು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಏನು ಯೋಚನೆ? ನಡೆದದ್ದು ಬರೀರಿ" ಎಂದಳು. ಅವನು ಬರೆದ: ಬಂದ ಕಾಗದ ಓದಲಿಲ್ಲ. ಉತ್ತರವನ್ನೂ ಓದಲಿಲ್ಲ. ಓದದೆ ಒಪ್ಪಿಗೆ ಕೊಟ್ಟೆ. ಎರಡನೇ ಗೆರೆ ಪೂರ್ತಿಯಾಗುವ ಮುಂಚೆಯೇ ಮುಗಿದುಹೋಯಿತು. ಉಳಿದ ಜಾಗ ಬೋಳಾಗಿ ಕಾಣುತ್ತಿತ್ತು.

ದೊಡ್ಡ ಸಿಸ್ಟರ್ ಎಂದರೆ ನರ್ಸುಗಳ ಮೇಲಿನವರು. ಅವರ ಕೋಣೆಗೆ ಹೋದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಫಾರಂ ಓದಿ ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಇಷ್ಟೇನಾ?" "ಇಷ್ಟೇ." "ನೀವು ಉದ್ದ ಬರೆಯೋರು ಅಂತ ಕೇಳಿದ್ದೆ." ಮೂಲೆಯ ಸ್ಟೂಲಿನ ಮೇಲೆ ಸಿಸ್ಟರ್ ಕೂತಿದ್ದಳು. ಯೂನಿಫಾರಂ ಇಲ್ಲದೆ, ಮನೆಯ ಸೀರೆಯಲ್ಲಿ, ಯಾರದೋ ರೋಗಿಯ ಕಡೆಯವಳ ಹಾಗೆ. ದೊಡ್ಡ ಸಿಸ್ಟರ್ ಹಳದಿ ಚೀಟಿಯ ಮೇಲೆ ಅಡ್ಡ ಗೆರೆ ಎಳೆದು ಸಹಿ ಹಾಕಿದರು. "ಚೀಟಿ ರದ್ದು. ನಾಳೆಯಿಂದ ಡ್ಯೂಟಿಗೆ ಬಾ" ಎಂದರು. "ಆದ್ರೆ ಟೀ ವಿಷಯ ನನ್ನ ಕಿವಿಗೆ ಬಿದ್ದಾಯ್ತು. ಕೇಳಿಲ್ಲ ಅಂತ ಮಾಡೋಕಾಗಲ್ಲ. ಐದನೇ ವಾರ್ಡು ಬೇಡ. ಹೊರರೋಗಿ ವಿಭಾಗದಲ್ಲಿ ಚೀಟಿ ಕೊಡೋ ಕಡೆ ಕೂರು." ಸಿಸ್ಟರ್ ತಲೆಯಾಡಿಸಿದಳು.

ಹೊರಗೆ ಬಂದ ಮೇಲೆ ಹೆಂಗಸು ಅವಳ ಕೈ ಹಿಡಿಯಲು ಹೋದಳು. ಸಿಸ್ಟರ್ ಕೈ ಕೊಡಲಿಲ್ಲ. "ಅಕ್ಕಾ, ನಿಮಗೆ ಯಾರು ಬರೀರಿ ಅಂದಿದ್ದು?" ಎಂದಳು. "ಪರದೆ ಎಳ್ದಿದ್ದು ಯಾಕೆ ನಾನು? ಯಾರಿಗೂ ಕಾಣಬಾರದು ಅಂತ ತಾನೇ?" ಹೆಂಗಸು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವನು ನಡುವೆ ಬಾಯಿ ಹಾಕಿದ. ಹಾಕಬಾರದಿತ್ತು. "ತಪ್ಪು ನನ್ನದು, ಸಿಸ್ಟರ್. ನಾನು ಓದಿದ್ದಿದ್ರೆ ಹೀಗೆ ಆಗ್ತಿರಲಿಲ್ಲ."

"ಓದಿದ್ದಿದ್ರೆ ಏನು ಮಾಡ್ತಿದ್ರಿ ಸರ್?"

"ನಿಮ್ಮ ವಾರ್ಡಿನ ಬೋರ್ಡಿಗೆ ಹಾಕ್ತಿದ್ದೆ. ನಾನೇ ಬಂದು."

ಸಿಸ್ಟರ್ ನಕ್ಕಳು, ಮೂಗಿನಿಂದ. "ಹಾಗಾದ್ರೂ ಸಿಕ್ಕಿಬೀಳ್ತಿದ್ದೆ. ದೊಡ್ಡ ಸಿಸ್ಟರ್ ದಿನಾ ಬೆಳಿಗ್ಗೆ ಆ ಬೋರ್ಡು ಓದ್ತಾರೆ. ನಮ್ಮ ಸೀನಿಯರ್ ಒಬ್ರನ್ನ ಹಾಗೇ ಎತ್ತಂಗಡಿ ಮಾಡಿದ್ದು, ನಾಲ್ಕು ವರ್ಷದ ಹಿಂದೆ. ಹೆರಿಗೆ ವಾರ್ಡು. ಗಂಡನ್ನ ಒಳಗೆ ಬಿಟ್ಟಿದ್ದಕ್ಕೆ ಯಾರೋ ಹೊಗಳಿ ಬರೆದಿದ್ರು. ಯಾರೋ ಪುಣ್ಯಾತ್ಮ ಅದನ್ನ ತಂದು ಬೋರ್ಡಿಗೆ ಚುಚ್ಚಿ ಹೋಗಿದ್ದ." ಅವಳು ಅವನ ಮುಖ ನೋಡಿದಳು, ಮುಂದೆ ಹೇಳಲಿಲ್ಲ. ಚಪ್ಪಲಿ ಎಳೆಯುತ್ತ ಮೆಟ್ಟಿಲಿನ ಕಡೆ ಹೋದಳು. ಹೆಂಗಸು ರವಿಕೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಕರೆಯಲೋ ಬೇಡವೋ ಎಂದು ಎರಡು ಹೆಜ್ಜೆ ಹಾಕಿ, ಮತ್ತೆ ನಿಂತು, ಕೊನೆಗೆ ಅವನ ಕಡೆ ತಿರುಗದೆಯೇ ಅವಳ ಹಿಂದೆ ಓಡಿದಳು. ಹೆರಿಗೆ ವಾರ್ಡಿನ ಆ ಕಾಗದ ಅವನಿಗೆ ನೆನಪಿತ್ತು. ಹಸಿರು ಶಾಯಿ. ಚುಚ್ಚಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಓರೆಯಾಗಿದೆಯೆಂದು ನೇರ ಮಾಡಿದ್ದೂ ನೆನಪಿತ್ತು. ಹಾಗೆ ಇನ್ನೂ ಎಷ್ಟು? ವರ್ಷಕ್ಕೆ ಹತ್ತು, ಹನ್ನೆರಡು. ಲೆಕ್ಕ ಹಾಕಲು ಹೋದ ಮನಸ್ಸನ್ನು ಹಲ್ಲು ಕಚ್ಚಿ ಎಳೆದುಕೊಂಡ. ಸಿಟ್ಟು ಹಾಗೇ ಇತ್ತು, ಕುದಿಯುತ್ತಲೇ ಇತ್ತು. ಸುರಿಯಲು ಪಾತ್ರೆ ಸಿಗದೆ ಕೈ ಸುಡುತ್ತಿತ್ತು.

ಮೇಲೆ ಬಂದರೆ ಅವರೆಲ್ಲ ಇದ್ದರು. ಒಬ್ಬರೂ ಹೋಗಿರಲಿಲ್ಲ. ಮಗು ನಿದ್ದೆ ಹೋಗಿತ್ತು. "ಸಾರ್, ಈಗಲಾದ್ರೂ ನಮ್ಮ ಸರದಿನಾ?" ಎಂದರು ಸ್ವೆಟರಿನ ಮುದುಕರು. ಅವನು ಬಾಗಿಲು ತೆರೆದು ಹಿಡಿದ. ಅವರು ಬಂದು ಕೂತು, ಕಾಗದವನ್ನು ಮಂಡಿಯ ಮೇಲೆ ನೇರ ಮಾಡಿಕೊಂಡು, ಕಾದರು. ಅವನು ಮೇಜಿನ ಆಚೆ ಹೋಗಲಿಲ್ಲ. ಅವರೆದುರೇ ನಿಂತ. ಗಂಟಲು ಸರಿಮಾಡಿಕೊಳ್ಳಹೋದವನು, ಕೆಮ್ಮು ದೊಡ್ಡ ಡಾಕ್ಟರದಾಗಿಬಿಡುತ್ತದೆಂದು ನುಂಗಿಕೊಂಡ. "ಅಜ್ಜಾ, ನಿಮ್ಮ ಕಾಗದ ನಾನು ಓದಿಲ್ಲ" ಎಂದ.

ಮುದುಕರು ಅವನನ್ನೂ ತಮ್ಮ ಕೈಯಲ್ಲಿದ್ದ ಉತ್ತರವನ್ನೂ ಒಂದಾದ ಮೇಲೊಂದು ನೋಡಿದರು.

"ಓದಿಲ್ವಾ?" ಎಂದರು. ಮುಖದಲ್ಲಿ ಕೋಪವಿರಲಿಲ್ಲ, ನಿಜವಾದ ಬೆರಗಿತ್ತು. "ಎಷ್ಟು ಚೆನ್ನಾಗಿ ಬರ್ದಿದೀರಲ್ಲ ಸಾರ್. ನಮ್ಮ ಮನೆಯವಳಿಗೆ ಓದಿ ಹೇಳ್ದೆ, ಅತ್ತುಬಿಟ್ಟಳು."

ಹೊರಗೆ ಇನ್ನೂ ಒಂಬತ್ತು ಜನ ಇದ್ದರು.